ಬ್ರಿಸ್ಟಲ್ ವರ್ತಕರ ಮುಂದೆ ಎಡ್ಮಂಡ್ ಬರ್ಕ್

ನೀತಿಯನ್ನು ಕುರಿತು ಸಭೆಯಲ್ಲಿ ಭಾಷಣ ಮಾಡುವುದು ಕಷ್ಟವಲ್ಲ. ಆ ಸಭೆಯ ಹಣದ ಥೈಲಿಗೇ ತಾಗುವ ನೀತಿಯನ್ನು ಅದರ ಮುಖದೆದುರು ನುಡಿಯುವುದು ಕಷ್ಟ. ಅಂತಹ ಒಂದು ಪ್ರಸಂಗ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ನಡೆಯಿತು.

ಸಕ್ಕರೆ, ತಂಬಾಕು ಮತ್ತು ಗುಲಾಮರ ವ್ಯಾಪಾರದಿಂದ ಸಿರಿವಂತವಾಗಿದ್ದ ಬಂದರು ಬ್ರಿಸ್ಟಲ್. 1774ರಲ್ಲಿ ಅದು ಹೆನ್ರಿ ಕ್ರೂಗರ್ ಹಾಗೂ ಎಡ್ಮಂಡ್ ಬರ್ಕ್ ಎಂಬಿಬ್ಬರನ್ನು ಪಾರ್ಲಿಮೆಂಟಿಗೆ ಆರಿಸಿತು. ಮತದಾರರ ಆದೇಶದಂತೆ ನಡೆಯುವೆನೆಂದು ಕ್ರೂಗರ್ ವಚನವಿತ್ತನು. ನವೆಂಬರ್ 3ರಂದು ಮಾತನಾಡಿದ ಬರ್ಕನಾದರೋ ಅಂತಹ ವಚನ ಕೊಡಲೊಪ್ಪಲಿಲ್ಲ. ತನ್ನ ಶ್ರಮವೆಲ್ಲ ಮತದಾರರದು, ಆದರೆ ವಿವೇಕವನ್ನು ಅವರಿಗೆ ಒತ್ತೆಯಿಡಲಾರೆ ಎಂಬುದು ಅವನ ವಾದದ ತಿರುಳು. ಗೆದ್ದ ದಿನ ಹೀಗೆ ಹೇಳುವುದು ಸುಲಭವೆಂದು ಯಾರಾದರೂ ಅಂದರೆ ತಪ್ಪಿಲ್ಲ. ಪರೀಕ್ಷೆ ಬಂದದ್ದು ಅನಂತರ.

1778ರಲ್ಲಿ ಐರ್ಲೆಂಡಿನ ವ್ಯಾಪಾರದ ಮೇಲಿದ್ದ ನಿರ್ಬಂಧಗಳನ್ನು ಸಡಿಲಿಸುವ ಪ್ರಸ್ತಾಪ ಬಂದಾಗ ಬ್ರಿಸ್ಟಲ್ಲಿನ ವರ್ತಕರು ಕೆರಳಿದರು. ವ್ಯಾಪಾರವೆಂಬುದು ಅಳೆದಿಟ್ಟ ಧಾನ್ಯದ ರಾಶಿಯಲ್ಲ, ನೆರೆಯವನ ಏಳಿಗೆ ನಮ್ಮ ನಷ್ಟವಾಗಬೇಕಿಲ್ಲ ಎಂಬರ್ಥದಲ್ಲಿ ಬರ್ಕ್ ಪತ್ರ ಬರೆದನು. ಅದೇ ವರ್ಷ ಕ್ಯಾಥೊಲಿಕರ ಮೇಲಿನ ಕಠಿಣ ಶಾಸನಗಳ ಸಡಿಲಿಕೆಯನ್ನೂ ಬೆಂಬಲಿಸಿದನು. ಆ ಶಾಸನದ ವಿರೋಧವಾಗಿ 1780ರ ಜೂನಿನಲ್ಲಿ ಲಂಡನ್ನಿನಲ್ಲಿ ಭೀಕರ ದೊಂಬಿಯೆದ್ದಿತು.

ಇವೆರಡಕ್ಕಿಂತ ವರ್ತಕರ ಮರ್ಮಕ್ಕೆ ತಾಗಿದ್ದು ಸಾಲಗಾರರ ವಿಷಯ. ಸಾಲ ತೀರಿಸಲಾರದವನನ್ನು ಸೆರೆಯಲ್ಲಿಡಿಸುವ ಅಧಿಕಾರ ಅಂದು ಸಾಲಕೊಟ್ಟವನ ಕೈಯಲ್ಲಿತ್ತು. ಸಾಲಿಗನು ಮೋಸಗಾರನೋ ದುರದೃಷ್ಟನೋ ಎಂದು ವಿವೇಚಿಸುವವರಿಲ್ಲ. ಇದರಲ್ಲಿದ್ದ ದೋಷವನ್ನು ಬರ್ಕ್ ಸರಿಯಾಗಿ ಹಿಡಿದನು: ಹಣ ಕಳೆದುಕೊಂಡು ಸಿಟ್ಟಾದವನೇ ನ್ಯಾಯಾಧೀಶನೂ ಆಗುತ್ತಾನೆ. ಸೆರೆಯಲ್ಲಿರುವವನು ದುಡಿಯಲಾರ, ದುಡಿಯದವನು ಸಾಲ ತೀರಿಸಲಾರ. ಲೇವಾದೇವಿ ಬಲ್ಲ ಯಾರಿಗಾದರೂ ಈ ಲೆಕ್ಕ ತಿಳಿಯಬೇಕು. ಆದರೂ ಸಾಲ ಕೊಡುವವರ ಊರಿನಲ್ಲಿ ಅದು ರುಚಿಸಲಿಲ್ಲ.

1780ರ ಸೆಪ್ಟೆಂಬರ್ 6ರಂದು ಬ್ರಿಸ್ಟಲ್ಲಿನ ಗಿಲ್ಡ್‌ಹಾಲಿನಲ್ಲಿ ಬರ್ಕ್ ತನ್ನ ಮೇಲಿನ ನಾಲ್ಕು ಆಪಾದನೆಗಳಿಗೆ ಉತ್ತರಿಸಿದನು. ಊರಿಗೆ ಅಪರೂಪಕ್ಕೆ ಬಂದನೆಂಬ ಮೊದಲನೆಯದು ಪೂರ್ತಿ ಸುಳ್ಳಲ್ಲ. ಉಳಿದ ಮೂರು ಐರ್ಲೆಂಡ್, ಕ್ಯಾಥೊಲಿಕರು ಹಾಗೂ ಸಾಲಗಾರರಿಗೆ ಸಂಬಂಧಿಸಿದವು. ಅವುಗಳಿಗಾಗಿ ಅವನು ಕ್ಷಮೆ ಕೇಳಲಿಲ್ಲ, ಅವನ್ನೇ ತನ್ನ ಸೇವೆಯೆಂದು ಮುಂದಿಟ್ಟನು. ಮೂರು ದಿನಗಳ ಬಳಿಕ, ಗೆಲ್ಲಲಾರೆನೆಂದು ಅರಿತು, ಸ್ಪರ್ಧೆಯಿಂದ ಹಿಂದೆ ಸರಿದನು.

ಅವನನ್ನು ನಿಷ್ಕಳಂಕನೆಂದು ಚಿತ್ರಿಸಬೇಕಿಲ್ಲ. ಗುಲಾಮರ ವ್ಯಾಪಾರವನ್ನು ಕ್ರಮೇಣ ನಿಲ್ಲಿಸುವ ನಿಯಮಗಳ ಕರಡನ್ನು ಆ ಕಾಲದಲ್ಲಿಯೇ ಬರೆದಿದ್ದರೂ ಬ್ರಿಸ್ಟಲ್ಲಿನ ವೇದಿಕೆಯಲ್ಲಿ ಅದರ ಸೊಲ್ಲೆತ್ತಲಿಲ್ಲ. 1792ರವರೆಗೂ ಅದು ಪೆಟ್ಟಿಗೆಯಲ್ಲಿಯೇ ಉಳಿಯಿತು. ಅವನಿಗೆ ಮುಂದೆ ದೊರೆತ ಮಾಲ್ಟನ್ ಕ್ಷೇತ್ರವೂ ಅವನ ಆಶ್ರಯದಾತ ರಾಕಿಂಗ್‌ಹ್ಯಾಮ್ ಪ್ರಭುವಿನ ಹಿಡಿತದಲ್ಲಿದ್ದುದೇ. ಅಲ್ಲಿ ಮತದಾರರ ಮುನಿಸಿಗೆ ಅಂಜುವ ಪ್ರಮೇಯವಿರಲಿಲ್ಲ. ಅವನ ಭಾಷಣಗಳು ಎಷ್ಟು ದೀರ್ಘವೆಂದರೆ, ಅವನು ಎದ್ದು ನಿಂತರೆ ಸದಸ್ಯರು ಊಟಕ್ಕೆ ಏಳುತ್ತಿದ್ದರಂತೆ.

ಆದರೂ ಸಾಲದ ನ್ಯಾಯಾನ್ಯಾಯ ಅವನನ್ನು ಬಿಡಲಿಲ್ಲ. 1785ರ ಫೆಬ್ರವರಿ 28ರಂದು ಅವನು ಆರ್ಕಾಟಿನ ನವಾಬನ ಸಾಲಗಳ ಬಗ್ಗೆ ಮಾತನಾಡಿದನು. 1780ರಲ್ಲಿ ಮೈಸೂರಿನ ಹೈದರಾಲಿ ಕರ್ನಾಟಿಕ್ ಪ್ರಾಂತದ ಮೇಲೆ ಎರಗಿದುದರ ಪ್ರಸಿದ್ಧ ವರ್ಣನೆ ಆ ಭಾಷಣದಲ್ಲಿಯೇ ಇದೆ. ಈ ಸಲ ದೋಷ ಸಾಲಿಗನಿಗಿಂತ ಸಾಲ ಕೊಟ್ಟವರದು. ಕಂಪನಿಯ ನೌಕರರು ತೋರಿಸಿದ ಸಾಲಪತ್ರಗಳನ್ನು ವಿಚಾರಣೆಯಿಲ್ಲದೆ ಒಪ್ಪಿ ನಾಡಿನ ಕಂದಾಯದಿಂದ ತೀರಿಸಬಾರದು, ಮೊದಲು ಕಾಗದಪತ್ರಗಳನ್ನು ತರಿಸಿ ನೋಡಬೇಕು ಎಂದು ಅವನು ಕೇಳಿದನು. ಸಭೆ ಆ ಬೇಡಿಕೆಯನ್ನು ತಳ್ಳಿಹಾಕಿತು.