ಉದ್ರಿ ಪುಸ್ತಕದಿಂದ ಕ್ರೆಡಿಟ್ ಕಾರ್ಡಿನವರೆಗೆ: ವಾರ್ಷಿಕ ಶುಲ್ಕದ ಚರಿತ್ರೆ

ನಿವೃತ್ತನಾದ ಮೇಲೆ ನನ್ನ ಬಳಿ ಬರುವ ಪ್ರಶ್ನೆಗಳ ಸ್ವರೂಪವೇ ಬದಲಾಗಿದೆ. ಮೊದಲು ಮಕ್ಕಳು ತಾಳಿಕೋಟೆ ಯುದ್ಧದ ಕಾರಣಗಳನ್ನು ಕೇಳುತ್ತಿದ್ದರು. ಈಗ ನಮ್ಮ ಸರಸ್ವತಿ ನಗರದಲ್ಲಿ ಬೆಳಗಿನ ವಾಯುವಿಹಾರಕ್ಕೆ ಜೊತೆಯಾಗುವ ಮಿತ್ರರು, ದಾರಿಯಲ್ಲಿ ಸಿಗುವ ಹಳೆಯ ವಿದ್ಯಾರ್ಥಿಗಳು ಪಿಂಚಣಿ, ಠೇವಣಿ, ವಿಮೆಗಳ ವಿಚಾರ ಕೇಳುತ್ತಾರೆ. ಇತ್ತೀಚೆಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು: “ಮೇಷ್ಟ್ರೇ, ವರ್ಷಕ್ಕೆ ಇಷ್ಟು ಅಂತ ಶುಲ್ಕ ಕಟ್ಟೋ ಕ್ರೆಡಿಟ್ ಕಾರ್ಡು ತಗೊಂಡ್ರೆ ಲಾಭಾನೋ, ಜೀವಮಾನ ಪೂರ್ತಿ ಉಚಿತ ಅಂತಾರಲ್ಲ, ಆ ಕಾರ್ಡು ಸಾಕೋ?”

ಸಮಾಜ ವಿಜ್ಞಾನ ಬೋಧಿಸಿದವನಿಗೆ ಯಾವ ಪ್ರಶ್ನೆಯನ್ನೂ ಹಿಂದಿನ ಕಾಲದಿಂದಲೇ ಬಿಡಿಸುತ್ತ ಬರುವ ಅಭ್ಯಾಸ. ಈ ಪ್ರಶ್ನೆಗೂ ಚರಿತ್ರೆಯಲ್ಲಿ ಉತ್ತರವಿದೆ ಎಂಬುದು ನನ್ನ ನಂಬಿಕೆ. ಸಾಲ ಕೊಡುವವನಿಗೆ ಆದಾಯದ ದಾರಿಗಳು ಮೂರು: ಒಂದು ಶುಲ್ಕ, ಇನ್ನೊಂದು ಬಡ್ಡಿ, ಮತ್ತೊಂದು ಮಾರುವವನಿಂದ ಪಡೆಯುವ ದಲಾಲಿ. ಒಂದು ದಾರಿ ಮುಚ್ಚಿದಂತೆ ಕಂಡರೆ ಇನ್ನೊಂದು ಅಗಲವಾಗಿರುತ್ತದೆ. ‘ಉಚಿತ’ ಎಂಬ ಮಾತನ್ನು ಕೇಳಿದಾಗ ನಾವು ಹುಡುಕಬೇಕಾದದ್ದು ಆ ಇನ್ನೊಂದು ದಾರಿಯನ್ನು.

ಇದು ನಮ್ಮ ಊರಿಗೆ ಹೊಸ ವಿಷಯವೇನಲ್ಲ. ದಾವಣಗೆರೆ ಹತ್ತಿಯ ವ್ಯಾಪಾರದಿಂದ, ಗಿರಣಿಗಳಿಂದ ಬೆಳೆದ ಪೇಟೆ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾದ ಈ ಊರಿನ ವ್ಯವಹಾರವೆಲ್ಲ ನಡೆದದ್ದು ಉದ್ರಿಯ ಮೇಲೆ. ರೈತ ಬಿತ್ತನೆಯ ಕಾಲಕ್ಕೆ ದಲಾಲಿ ಅಂಗಡಿಯಿಂದ ಮುಂಗಡ ಪಡೆಯುತ್ತಿದ್ದ. ಸುಗ್ಗಿಯಲ್ಲಿ ಮಾಲನ್ನು ಅದೇ ಅಂಗಡಿಗೆ ತಂದು ಹಾಕುತ್ತಿದ್ದ. ದೂರದ ಊರುಗಳ ವರ್ತಕರು ಹುಂಡಿಯ ಮೂಲಕ ಹಣ ಸಾಗಿಸುತ್ತಿದ್ದರು. ಹುಂಡಿ ಬರೆದುಕೊಡುವ ಸಾಹುಕಾರ ಅದಕ್ಕಾಗಿ ವಟ್ಟ ಹಿಡಿದುಕೊಳ್ಳುತ್ತಿದ್ದ. ಗಿರಣಿ ಕಾರ್ಮಿಕನ ಮನೆಯ ಅಕ್ಕಿ ಬೇಳೆ ಬರುತ್ತಿದ್ದದ್ದು ಕಿರಾಣಿ ಅಂಗಡಿಯ ಖಾತೆಯಿಂದ. ಪಕ್ಕದ ಹರಿಹರದಲ್ಲಿಯೂ ಅಷ್ಟೇ. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಸಂಬಳದ ದಿನವೆಂದರೆ ಪೇಟೆಯ ಅಂಗಡಿಗಳಿಗೆ ಬಾಕಿ ವಸೂಲಿಯ ದಿನ.

ನಾನು ಬಾಲಕನಾಗಿದ್ದಾಗ ಮಂಡಿಪೇಟೆಯ ಅಂಗಡಿಯೊಂದಕ್ಕೆ ಕೈಚೀಲದ ಜೊತೆಗೆ ಒಂದು ಚಿಕ್ಕ ನೋಟುಪುಸ್ತಕವನ್ನೂ ಒಯ್ಯುತ್ತಿದ್ದೆ. ಅಂಗಡಿಯ ಯಜಮಾನರು ಸಾಮಾನು ಕಟ್ಟಿಕೊಟ್ಟು, ತಮ್ಮ ವಹಿಯಲ್ಲಿ ಒಮ್ಮೆ, ನಮ್ಮ ಪುಸ್ತಕದಲ್ಲಿ ಒಮ್ಮೆ ಬರೆಯುತ್ತಿದ್ದರು. ಆ ಪುಸ್ತಕಕ್ಕೆ ವಾರ್ಷಿಕ ಶುಲ್ಕವಿರಲಿಲ್ಲ, ಬಡ್ಡಿಯೂ ಇರಲಿಲ್ಲ. ಆದರೂ ಅದು ಉಚಿತವಾಗಿರಲಿಲ್ಲ. ನಗದು ಕೊಡುವವನು ಚೌಕಾಸಿ ಮಾಡುತ್ತಿದ್ದ, ಬೇಳೆ ಹಳತಾಗಿದ್ದರೆ ಬೇರೆ ಅಂಗಡಿಗೆ ಹೋಗುತ್ತಿದ್ದ. ಉದ್ರಿ ಪುಸ್ತಕದವನು ಹೇಳಿದ ಬೆಲೆ ಕೊಡಬೇಕು, ಕೊಟ್ಟ ಮಾಲು ಒಯ್ಯಬೇಕು. ನಮ್ಮ ತಾಯಿ ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದಳು: “ಉದ್ರಿಯವರಿಗೆ ಬಾಯಿಲ್ಲ ಕಣೋ.” ಮುಂದೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ವಸೂಲಾಗದ ಬಾಕಿಯ ಹೊರೆ ಅಂಗಡಿಕಾರರ ಮೇಲೂ ಬಿತ್ತು. ಸಾಲದ ಬೆಲೆಯನ್ನು ಯಾರಾದರೊಬ್ಬರು ತೆರಲೇಬೇಕು ಎಂಬ ಮೊದಲ ಪಾಠ ನಮ್ಮ ಪೇಟೆಯಲ್ಲಿಯೇ ಇತ್ತು.

ಈ ಖಾತೆ ಪುಸ್ತಕ ಅಂಗಡಿ ಅಂಗಡಿಗೂ ಬೇರೆ. ಒಂದೇ ಪುಸ್ತಕ ಎಲ್ಲ ಅಂಗಡಿಗಳಲ್ಲಿ ನಡೆಯುವಂತಾದರೆ ಹೇಗೆ? ಈ ಆಲೋಚನೆ ಕೈಗೂಡಿದ್ದು ಅಮೆರಿಕದಲ್ಲಿ. ‘ಕ್ರೆಡಿಟ್ ಕಾರ್ಡ್’ ಎಂಬ ಮಾತನ್ನು ಎಡ್ವರ್ಡ್ ಬೆಲ್ಲಮಿ ಎಂಬ ಲೇಖಕ 1888ರಲ್ಲಿಯೇ ತನ್ನ ‘ಲುಕಿಂಗ್ ಬ್ಯಾಕ್‌ವರ್ಡ್’ ಕಾದಂಬರಿಯಲ್ಲಿ ಬಳಸಿದ್ದ. ತಮಾಷೆಯೆಂದರೆ ಅವನ ಕಲ್ಪನೆಯ ಕಾರ್ಡು ಸಾಲದ್ದಲ್ಲ. ಸರ್ಕಾರ ಪ್ರತಿ ಪ್ರಜೆಗೂ ವರ್ಷಕ್ಕೆ ಕೊಡುವ ಪಾಲನ್ನು ಖರ್ಚು ಮಾಡುವ ಚೀಟಿ. ನಿಜವಾದ ಕಾರ್ಡು ಬಂದದ್ದು 1950ರಲ್ಲಿ, ನ್ಯೂಯಾರ್ಕಿನ ಡೈನರ್ಸ್ ಕ್ಲಬ್ ಮೂಲಕ. ಹೋಟೆಲುಗಳಲ್ಲಿ ಉಂಡು ಸಹಿ ಹಾಕಿದರೆ ಸಾಕು, ತಿಂಗಳ ಕೊನೆಗೆ ಪೂರ್ತಿ ಹಣ ಕಟ್ಟಬೇಕು. ಸಾಲವನ್ನು ಮುಂದಕ್ಕೆ ತಳ್ಳುವ ಅವಕಾಶವಿರಲಿಲ್ಲ, ಆದ್ದರಿಂದ ಬಡ್ಡಿಯ ಆದಾಯವೂ ಇರಲಿಲ್ಲ. ಕಂಪನಿಯ ಗಳಿಕೆ ಸದಸ್ಯರ ವಾರ್ಷಿಕ ಶುಲ್ಕ ಮತ್ತು ಹೋಟೆಲಿನವರಿಂದ ಪಡೆಯುತ್ತಿದ್ದ ಶೇ. 7ರ ದಲಾಲಿ. 1958ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ ತನ್ನ ಕಾರ್ಡನ್ನು ತಂದಾಗ ಡೈನರ್ಸ್ ಶುಲ್ಕ 5 ಡಾಲರ್ ಇತ್ತು. ಇವರು ಬೇಕೆಂದೇ 6 ಡಾಲರ್ ಇಟ್ಟರು. ಒಂದು ಡಾಲರು ಹೆಚ್ಚಾದರೆ ಕಾರ್ಡಿನ ಗೌರವವೂ ಹೆಚ್ಚೆಂದು ಗ್ರಾಹಕ ತಿಳಿಯುತ್ತಾನೆ ಎಂಬ ಲೆಕ್ಕ. ಶುಲ್ಕವು ಸೇವೆಯ ಬೆಲೆಯಾಗಿರುವಂತೆಯೇ ಪ್ರತಿಷ್ಠೆಯ ಬೆಲೆಯೂ ಆಯಿತು.

ಅದೇ 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಪಟ್ಟಣದಲ್ಲಿ ಸುಮಾರು 60,000 ಜನರಿಗೆ, ಅವರು ಕೇಳದಿದ್ದರೂ, ಅಂಚೆಯಲ್ಲಿ ಕಾರ್ಡುಗಳನ್ನು ಕಳಿಸಿತು. ಇದೇ ಮುಂದೆ 1976ರಲ್ಲಿ ವೀಸಾ ಎಂಬ ಹೆಸರು ಪಡೆಯಿತು. ಇದಕ್ಕೆ ವಾರ್ಷಿಕ ಶುಲ್ಕವಿರಲಿಲ್ಲ. ಆದರೆ ಬಾಕಿಯನ್ನು ಪೂರ್ತಿ ಕಟ್ಟದೆ, ಸ್ವಲ್ಪ ಸ್ವಲ್ಪ ಕಟ್ಟುತ್ತ ಬಡ್ಡಿ ತೆರುವ ಸೌಲಭ್ಯವಿತ್ತು. ಡೈನರ್ಸ್ ಕ್ಲಬ್ಬಿನ ಹಾದಿಗಿಂತ ಇದು ತೀರ ಭಿನ್ನವಾದ ಹಾದಿ.

ಈ ಎರಡು ಹಾದಿಗಳ ಸಂಬಂಧ ಸ್ಪಷ್ಟವಾದದ್ದು 1980ರ ಆಸುಪಾಸಿನಲ್ಲಿ. ಆಗ ಅಮೆರಿಕದ ಅನೇಕ ರಾಜ್ಯಗಳಲ್ಲಿ ಬಡ್ಡಿಗೆ ಕಾನೂನಿನ ಮಿತಿಯಿತ್ತು. ಹಣದುಬ್ಬರ ಏರಿ, ಬ್ಯಾಂಕುಗಳೇ ಹಣ ತರಲು ಹೆಚ್ಚು ಬಡ್ಡಿ ತೆರಬೇಕಾಯಿತು. 1980ರ ಮಾರ್ಚಿಯಲ್ಲಿ ಅಧ್ಯಕ್ಷ ಕಾರ್ಟರ್ ಸಾಲದ ಮೇಲೆ ನಿರ್ಬಂಧ ಹೇರಿದಾಗ, ಅಲ್ಲಿಯವರೆಗೆ ಶುಲ್ಕ ಕೇಳದಿದ್ದ ಹಲವು ಬ್ಯಾಂಕುಗಳು ವಾರ್ಷಿಕ ಶುಲ್ಕ ವಿಧಿಸತೊಡಗಿದವು. ಇನ್ನೊಂದು ಕಡೆ, ಬ್ಯಾಂಕು ತಾನು ನೆಲೆಸಿದ ರಾಜ್ಯದ ಬಡ್ಡಿದರವನ್ನೇ ಬೇರೆ ರಾಜ್ಯದ ಗ್ರಾಹಕರಿಗೂ ವಿಧಿಸಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1978ರಲ್ಲಿ ತೀರ್ಪು ಕೊಟ್ಟಿತ್ತು. ಸಿಟಿಬ್ಯಾಂಕ್ 1981ರಲ್ಲಿ ತನ್ನ ಕಾರ್ಡು ವಹಿವಾಟನ್ನು ಬಡ್ಡಿಗೆ ಮಿತಿಯಿಲ್ಲದ ಸೌತ್ ಡಕೋಟ ರಾಜ್ಯಕ್ಕೆ ಒಯ್ದಿತು. ಬಡ್ಡಿಯ ಬಾಗಿಲು ತೆರೆದ ಮೇಲೆ ಶುಲ್ಕದ ಅಗತ್ಯ ತಗ್ಗಿತು. 1990ರಲ್ಲಿ ಎಟಿ ಅಂಡ್ ಟಿ ಕಂಪನಿ ಆರಂಭದಲ್ಲಿ ಸೇರಿದವರಿಗೆ ಜೀವಮಾನವಿಡೀ ವಾರ್ಷಿಕ ಶುಲ್ಕವಿಲ್ಲದ ಕಾರ್ಡು ಕೊಟ್ಟಿತು. ಉಳಿದವರೂ ಆ ಹಾದಿ ಹಿಡಿದರು. ಶುಲ್ಕ ಮತ್ತು ಬಡ್ಡಿ ಒಂದೇ ತಕ್ಕಡಿಯ ಎರಡು ತಟ್ಟೆಗಳು. ಒಂದು ಮೇಲೆ ಹೋಯಿತೆಂದು ಸಂತೋಷಪಡುವ ಮುನ್ನ ಇನ್ನೊಂದು ಎಷ್ಟು ಕೆಳಗಿಳಿಯಿತೆಂದು ನೋಡಬೇಕು.

ಭಾರತದಲ್ಲಿ ಬ್ಯಾಂಕೊಂದು ಮೊದಲಿಗೆ ಕ್ರೆಡಿಟ್ ಕಾರ್ಡ್ ಕೊಟ್ಟದ್ದು 1980ರಲ್ಲಿ. ಅದು ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ. ನಮ್ಮ ನಾಡಿನ ಕೆನರಾ ಬ್ಯಾಂಕು, 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಸಣ್ಣ ನಿಧಿಯಾಗಿ ಕಟ್ಟಿದ ಸಂಸ್ಥೆ, 1983ರಲ್ಲಿ ‘ಕ್ಯಾನ್‌ಕಾರ್ಡ್’ ತಂದಿತು. ಆ ದಿನಗಳಲ್ಲಿ ಅಂಗಡಿಯವರು ಕಾರ್ಡನ್ನು ಒಂದು ಯಂತ್ರದಲ್ಲಿಟ್ಟು ಕಾರ್ಬನ್ ಚೀಟಿಯ ಮೇಲೆ ಅಚ್ಚೊತ್ತಿ ಸಹಿ ಪಡೆಯುತ್ತಿದ್ದರು. ಉಪಾಧ್ಯಾಯರ ಸಂಬಳಕ್ಕೆ ಅದು ದೂರದ ವಸ್ತು. 1990ರಲ್ಲಿ ಸಿಟಿಬ್ಯಾಂಕ್, 1998ರಲ್ಲಿ ಸ್ಟೇಟ್ ಬ್ಯಾಂಕು ಕಾರ್ಡು ವಹಿವಾಟಿಗೆ ಇಳಿದವು. ಹೊಸ ಶತಮಾನದಲ್ಲಿ ಖಾಸಗಿ ಬ್ಯಾಂಕುಗಳ ಪೈಪೋಟಿಯಿಂದಾಗಿ ‘ಜೀವಮಾನ ಉಚಿತ’ ಎಂಬ ಘೋಷಣೆ ನಮ್ಮ ಪಿ.ಬಿ. ರಸ್ತೆಯವರೆಗೂ ಬಂದಿತು.

ಬಡ್ಡಿಯ ತಟ್ಟೆ ಇಲ್ಲಿ ಎಷ್ಟು ಇಳಿದಿದೆ? ಸಾಮಾನ್ಯ ಕಾರ್ಡುಗಳಲ್ಲಿ ತಿಂಗಳಿಗೆ ಶೇ. 3ರಿಂದ 3.75ರವರೆಗೆ, ಅಂದರೆ ವರ್ಷಕ್ಕೆ ಶೇ. 36ರಿಂದ 45. ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಅನ್ಯಾಯದ ವ್ಯಾಪಾರವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರ ಜುಲೈನಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಗೊಳಿಸಿತು. ಆದ್ದರಿಂದ ಆ ಆಯೋಗ ಹಾಕಿದ ಮಿತಿ ಈಗ ನಮ್ಮನ್ನು ಕಾಯುವುದಿಲ್ಲ. ನಮ್ಮ ಲೆಕ್ಕವೇ ಕಾಯಬೇಕು.

ಆ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದಂತೆ ಬಿಡಿಸುತ್ತೇನೆ. ಒಂದು ಕಾರ್ಡಿನ ವಾರ್ಷಿಕ ಶುಲ್ಕ 2,500 ರೂ. ಎನ್ನೋಣ. ಶೇ. 18 ಜಿಎಸ್‌ಟಿ ಸೇರಿ 2,950 ರೂ. ಖರ್ಚಿನ ಶೇ. 1.5ರಷ್ಟು ಹಣ ಹಿಂದಕ್ಕೆ ಬರುತ್ತದೆಂದು ಇಟ್ಟುಕೊಂಡರೆ, ಸುಮಾರು 1,97,000 ರೂ. ಖರ್ಚಾದಾಗ ಶುಲ್ಕ ಗಿಟ್ಟಿದಂತೆ ತೋರುತ್ತದೆ. ಇಲ್ಲಿಯೇ ಜನ ಎಡವುವುದು. ಹೋಲಿಸಬೇಕಾದದ್ದು ಕಾರ್ಡೇ ಇಲ್ಲದ ಸ್ಥಿತಿಯೊಂದಿಗಲ್ಲ, ಶುಲ್ಕವಿಲ್ಲದ ಕಾರ್ಡಿನೊಂದಿಗೆ. ಆ ಕಾರ್ಡು ಶೇ. 1 ಕೊಡುವುದಾದರೆ ನಿಮ್ಮ ನಿಜವಾದ ಹೆಚ್ಚುವರಿ ಲಾಭ ಶೇ. 0.5 ಮಾತ್ರ. ಆಗ 2,950 ರೂ. ಗಿಟ್ಟಲು ವರ್ಷಕ್ಕೆ 5,90,000 ರೂ. ಕಾರ್ಡಿನಲ್ಲಿ ಖರ್ಚಾಗಬೇಕು. ಪಿಂಚಣಿಯ ಮನೆಯಲ್ಲಿ ಅಷ್ಟು ಖರ್ಚೆಲ್ಲಿ? ಇಷ್ಟು ಖರ್ಚು ಮಾಡಿದರೆ ಶುಲ್ಕ ಮನ್ನಾ ಎಂಬ ಷರತ್ತೂ ಇರುತ್ತದೆ. ಆ ಗುರಿ ಮುಟ್ಟಲೆಂದು ಬೇಡದ ಮಿಕ್ಸರು ಕೊಂಡರೆ ಮನ್ನಾ ಆದದ್ದೇನು?

ಇನ್ನು ವಿಮಾನ ನಿಲ್ದಾಣದ ವಿಶ್ರಾಂತಿ ಕೊಠಡಿಯಂಥ ಸೌಲಭ್ಯಗಳು. ನಮ್ಮ ದಾವಣಗೆರೆಯಲ್ಲಿ ವಿಮಾನ ನಿಲ್ದಾಣವೇ ಇಲ್ಲ. ವರ್ಷಕ್ಕೆ ನಾಲ್ಕಾರು ಬಾರಿ ವಿದೇಶದ ಮಕ್ಕಳ ಬಳಿಗೆ ಹೋಗಿಬರುವವರಿಗೆ, ಬೆಂಗಳೂರಿನಲ್ಲಿದ್ದು ಕಂಪನಿಯ ಕೆಲಸಕ್ಕೆ ತಿರುಗುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಅದಕ್ಕೆ ಬೆಲೆಯಿದೆ. ಶುಲ್ಕದ ಕಾರ್ಡು ಅವರಿಗೆ ನಿಜಕ್ಕೂ ಲಾಭವಾಗಬಹುದು. ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ನಮಗೆ ಅದರ ಬೆಲೆ ಸೊನ್ನೆ. ಬಳಸದ ಸೌಲಭ್ಯವನ್ನು ಲಾಭದ ಕಾಲಂನಲ್ಲಿ ಬರೆಯಬಾರದು.

ಆದರೆ ಶುಲ್ಕವಿಲ್ಲ ಎಂಬ ಒಂದೇ ಕಾರಣಕ್ಕೆ ನಿಶ್ಚಿಂತರಾಗುವಂತಿಲ್ಲ. ನನ್ನ ನಿವೃತ್ತ ಸಹೋದ್ಯೋಗಿಯೊಬ್ಬರು ಮಗಳ ಮದುವೆಯ ಸಂದರ್ಭದಲ್ಲಿ ಉಚಿತ ಕಾರ್ಡೊಂದರಲ್ಲಿ 80,000 ರೂ. ಖರ್ಚು ಮಾಡಿದ್ದರು. ತಿಂಗಳು ತಿಂಗಳು ತಪ್ಪದೆ ‘ಕನಿಷ್ಠ ಮೊತ್ತ’ ಕಟ್ಟುತ್ತಿದ್ದರು. “ಒಂದು ತಿಂಗಳೂ ತಪ್ಪಿಸಿಲ್ಲ, ಆದ್ರೂ ಸಾಲ ಯಾಕೆ ಕರಗ್ತಿಲ್ಲ?” ಎಂದು ಬಿಲ್ಲನ್ನು ನನ್ನ ಮುಂದಿಟ್ಟರು. ಇಬ್ಬರೂ ಕುಳಿತು ಗುಣಿಸಿದೆವು. ಕನಿಷ್ಠ ಮೊತ್ತ ಶೇ. 5, ಅಂದರೆ 4,000 ರೂ. ತಿಂಗಳ ಬಡ್ಡಿ ಶೇ. 3.5ರಂತೆ 2,800 ರೂ., ಅದರ ಮೇಲೆ ಜಿಎಸ್‌ಟಿ 504 ರೂ. ಕಟ್ಟಿದ ನಾಲ್ಕು ಸಾವಿರದಲ್ಲಿ ಅಸಲಿಗೆ ಹೋದದ್ದು 696 ರೂಪಾಯಿ! ಮೂವತ್ತು ವರ್ಷ ಗಣಿತ ಕಲಿಸಿದ ಮನುಷ್ಯ ಆ ಅಂಕಿಯನ್ನು ಬಹಳ ಹೊತ್ತು ನೋಡುತ್ತ ಕುಳಿತರು. ಒಂದೇ ತಿಂಗಳ ಬಡ್ಡಿ ನಾನು ಮೇಲೆ ಲೆಕ್ಕ ಹಾಕಿದ ಕಾರ್ಡಿನ ವಾರ್ಷಿಕ ಶುಲ್ಕವನ್ನೂ ಮೀರಿತ್ತು. ಠೇವಣಿಯೊಂದನ್ನು ಅವಧಿಗೆ ಮುನ್ನ ಮುರಿಸಿ ಸಾಲ ತೀರಿಸಿದರು. ಠೇವಣಿಗೆ ಬರುತ್ತಿದ್ದ ಬಡ್ಡಿ ವರ್ಷಕ್ಕೆ ಶೇ. 7, ಕಾರ್ಡಿಗೆ ತೆರುತ್ತಿದ್ದದ್ದು ಶೇ. 42, ಮುರಿಸಿದ್ದೇ ಸರಿಯಾಯಿತು.

ಗ್ರಾಹಕರ ಪರವಾಗಿರುವ ಕೆಲವು ನಿಯಮಗಳನ್ನೂ ತಿಳಿದಿರಬೇಕು. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ಕೇಳದೆ ಕಾರ್ಡು ಕಳಿಸುವಂತಿಲ್ಲ. ಕಳಿಸಿ ಶುಲ್ಕ ಹಾಕಿದರೆ ಅದನ್ನು ಹಿಂದಿರುಗಿಸಿ, ಅದರ ಎರಡರಷ್ಟು ದಂಡವನ್ನೂ ಕೊಡಬೇಕು. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಲು ಕೋರಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂ. ದಂಡ. ಫ್ರೆಸ್ನೊ ಪಟ್ಟಣದವರಿಗೆ 1958ರಲ್ಲಿ ಇಲ್ಲದಿದ್ದ ರಕ್ಷಣೆ ಇದು.

ಹಾಗಾದರೆ ಉತ್ತರವೇನು? ನನ್ನನ್ನು ಕೇಳುವವರಿಗೆ ನಾನು ಮೊದಲು ಮರುಪ್ರಶ್ನೆ ಹಾಕುತ್ತೇನೆ: “ಪ್ರತಿ ತಿಂಗಳೂ ಬಿಲ್ಲು ಪೂರ್ತಿ ಕಟ್ತೀರಾ?” ಇಲ್ಲವೆಂದಾದರೆ ಶುಲ್ಕದ ಕಾರ್ಡೂ ಬೇಡ, ಉಚಿತವಾದದ್ದೂ ಬೇಡ. ಹೌದೆಂದಾದರೆ ಕಳೆದ ವರ್ಷದ ನಿಜವಾದ ಖರ್ಚನ್ನು ಹಾಳೆಯ ಮೇಲೆ ಬರೆದು, ಶುಲ್ಕದ ಕಾರ್ಡು ಉಚಿತ ಕಾರ್ಡಿಗಿಂತ ಎಷ್ಟು ಹೆಚ್ಚು ಕೊಡುತ್ತದೆಂದು ಗುಣಿಸಿ, ಜಿಎಸ್‌ಟಿ ಸೇರಿದ ಶುಲ್ಕವನ್ನು ಕಳೆಯಿರಿ. ಉಳಿದರೆ ಕೊಳ್ಳಿ. ನಮ್ಮಂಥ ಪಿಂಚಣಿದಾರರಲ್ಲಿ ಹೆಚ್ಚಿನವರಿಗೆ ಅದು ಉಳಿಯುವುದಿಲ್ಲ. ನನಗೂ ಉಳಿಯಲಿಲ್ಲ; ಆದ್ದರಿಂದ ನನ್ನ ಬಳಿ ಇರುವುದು ಶುಲ್ಕವಿಲ್ಲದ ಒಂದೇ ಕಾರ್ಡು. ಅದರ ಬಿಲ್ಲು ಬಂದ ದಿನವೇ ಪೂರ್ತಿ ಸಂದಾಯವಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಬ್ಯಾಂಕಿನವರು ಹಾಸಿಗೆಯನ್ನು ಬಾಡಿಗೆಗೆ ಕೊಡುತ್ತಾರೆ. ಬಾಡಿಗೆ ಎಷ್ಟೆಂದು ಮಲಗುವ ಮುನ್ನವೇ ಕೇಳಿಕೊಳ್ಳುವುದು ಒಳ್ಳೆಯದು.