ಪಾತಿಯ ಅಂಚು: ಉದ್ಯಾನದೊಳಗಿನ ಒಂದು ಗಡಿಯ ಚರಿತ್ರೆ

ಇಂಗ್ಲೆಂಡಿನ ಉದ್ಯಾನಗಳಲ್ಲಿ ಹೂವಿನ ಪಾತಿಗೆ ಅಂಚು ಕಟ್ಟುವ ರೂಢಿ ಹುಲ್ಲುಹಾಸು ಪಾತಿಗೆ ನುಗ್ಗೀತೆಂಬ ಭಯಕ್ಕಿಂತ ಹಳೆಯದು. 17ನೆಯ ಶತಮಾನದ ಸಿರಿವಂತರು ಪಾತಿಗಳನ್ನು ರಂಗೋಲಿಯಂತೆ ಹೆಣೆದು ನಡುನಡುವೆ ಕಿರುಹಾದಿಗಳನ್ನು ಬಿಡುತ್ತಿದ್ದುದರಿಂದ, ಏರಿಸಿದ ಪಾತಿಯ ಮಣ್ಣು ಹಾದಿಗೆ ಜರಿಯದಂತೆ ಹಿಡಿದು ನಿಲ್ಲಿಸುವುದೇ ಅಂಚಿನ ಮುಖ್ಯ ಕೆಲಸವಾಗಿತ್ತು. ಲಂಡನ್ನಿನ ಔಷಧಕಾರ ಜಾನ್ ಪಾರ್ಕಿನ್ಸನ್ 1629ರಲ್ಲಿ ಪ್ರಕಟಿಸಿದ ಉದ್ಯಾನಗ್ರಂಥವು ಇದಕ್ಕೆ ಬಳಕೆಯಲ್ಲಿದ್ದ ಸಾಮಗ್ರಿಗಳನ್ನು ಒಂದೊಂದಾಗಿ ತೂಗಿ ನೋಡುತ್ತದೆ: ನಾಲ್ಕು ಬೆರಳಗಲದ ಸೀಸದ ಪಟ್ಟಿ, ಓಕ್ ಹಲಗೆ, ಹೆಂಚು, ದುಂಡುಗಲ್ಲು, ಬೇಯಿಸಿ ಶುಚಿಮಾಡಿ ಗೆಣ್ಣು ಮೇಲಾಗಿ ನೆಟ್ಟ ಕುರಿಯ ಕಾಲೆಲುಬು. ಮೂಳೆಗಳ ಸಾಲು ಇಂದಿನವರಿಗೆ ಅಸಹ್ಯವೆನಿಸಿದರೂ ಪಾರ್ಕಿನ್ಸನ್ನನಿಗೆ ಅದರ ಬಿಳುಪು ಒಪ್ಪಿಗೆಯಾಗಿತ್ತು; ಆತ ಹೇಸಿದ್ದು ದವಡೆಯೆಲುಬುಗಳಿಗೆ ಮಾತ್ರ.

ಆತ ಮೆಚ್ಚಿದ ಅಂಚು ಸಜೀವವಾದುದು: ಸಣ್ಣ ಎಲೆಯ, ಕತ್ತರಿಸಿದಷ್ಟೂ ದಟ್ಟವಾಗುವ ಬಾಕ್ಸ್ ಎಂಬ ನಿತ್ಯಹಸಿರಿನ ಗಿಡ. ಆದರೆ ಕಾವಲಿಗೆ ನಿಂತ ಈ ಗಿಡವೇ ಬೇರು ಚಾಚಿ ಪಾತಿಯ ಸಾರ ಹೀರುತ್ತಿದ್ದುದರಿಂದ, ಅಗಲ ಅಲಗಿನ, ಉಳಿಯಂಥ ಕಬ್ಬಿಣವನ್ನು ಅದರ ಒಳಮಗ್ಗುಲಿಗೆ ನೇರವಾಗಿ ಇಳಿಸಿ ಬೇರು ಕಡಿಯಬೇಕೆಂದು ಆತ ಸೂಚಿಸುತ್ತಾನೆ. ಮುಂದೆ ಹುಲ್ಲಿನಂಚು ಕಡಿಯಲು ಬಳಕೆಗೆ ಬಂದ ಅರ್ಧಚಂದ್ರಾಕಾರದ ಸಲಿಕೆಯದೂ ಇದೇ ಉಪಾಯ. ಬೇರನ್ನು ತಡೆಯಲು ನೆಲದೊಳಗೆ ಸೀಳು ಬಿಡುವ ತಿಳಿವಳಿಕೆ ಅಷ್ಟು ಹಿಂದೆಯೇ ಇತ್ತು.

18ನೆಯ ಶತಮಾನದ ಭೂದೃಶ್ಯ ಶೈಲಿ ಹುಲ್ಲನ್ನು ಮನೆಯ ಬಾಗಿಲವರೆಗೂ ತಂದಿತು. 19ನೆಯ ಶತಮಾನದ ಅಭಿರುಚಿ ಅದೇ ಹುಲ್ಲಿನ ನಡುವೆ ಹೂವಿನ ಪಾತಿಗಳನ್ನು ಕತ್ತರಿಸಿ ಕೂರಿಸಿತು. ಅಲ್ಲಿಗೆ ಅಂಚಿನ ಕೆಲಸ ತಿರುವುಮುರುವಾಯಿತು: ಒಳಗಿನ ಮಣ್ಣನ್ನು ಹಿಡಿಯುತ್ತಿದ್ದ ಗೆರೆ ಹೊರಗಿನ ಹುಲ್ಲನ್ನು ತಡೆಯಬೇಕಾಯಿತು. ಗ್ಲಾಸ್ಟರ್‌ಷೈರಿನ ಎಡ್ವಿನ್ ಬಡ್ಡಿಂಗ್, ಉಣ್ಣೆಬಟ್ಟೆಯ ಜುಂಗು ಕತ್ತರಿಸುವ ಗಿರಣಿಯಂತ್ರದ ಮಾದರಿಯಲ್ಲಿ ರೂಪಿಸಿದ ಹುಲ್ಲು ಕತ್ತರಿಸುವ ಯಂತ್ರಕ್ಕೆ 1830ರಲ್ಲಿ ಪೇಟೆಂಟ್ ಪಡೆದ ಮೇಲೆ ಹುಲ್ಲುಹಾಸು ಕ್ರಮೇಣ ಮಧ್ಯಮವರ್ಗದ ಅಂಗಳಕ್ಕೂ ಇಳಿಯಿತು. ಯಂತ್ರವು ಬಯಲನ್ನು ಸಮಮಾಡುತ್ತಿತ್ತೇ ಹೊರತು ಪಾತಿಯ ಮೇಲೆ ಬಾಗಿದ ಎಸಳನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ, ಉದ್ದ ಹಿಡಿಯ ಕತ್ತರಿ ಹಿಡಿದು ಅಂಚನ್ನು ಸವರುವ ಕೂಲಿ ಹಾಗೆಯೇ ಉಳಿಯಿತು. ವಿಕ್ಟೋರಿಯಾ ಕಾಲದಲ್ಲಿ ಹುರಿಹಗ್ಗದಂತೆ ತಲೆ ತಿರುಚಿದ ಸುಟ್ಟಮಣ್ಣಿನ ಅಂಚುಬಿಲ್ಲೆಗಳು ಮಾರಾಟಕ್ಕೆ ಬಂದವು. ಅವು ಕಾವಲಿಗಿಂತ ಅಲಂಕಾರಕ್ಕೇ ಹೆಚ್ಚು ಒದಗಿದವೆನ್ನಬೇಕು.

ಹುಲ್ಲುಹಾಸಿನ ನಡುವೆ ಪಾತಿ ಮಾಡಿ ಅಂಚು ಕಟ್ಟುವ ಈ ಪದ್ಧತಿಯು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದವರ ಮೂಲಕ ಬೆಂಗಳೂರಿಗೂ ತಲುಪಿತು. 1874ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜಾನ್ ಕ್ಯಾಮೆರಾನ್ ಮತ್ತು 1908ರಲ್ಲಿ ಬಂದ ಜರ್ಮನ್ ಉದ್ಯಾನತಜ್ಞ ಕ್ರುಂಬಿಗಲ್ ಇಬ್ಬರೂ ಅಲ್ಲಿ ಪಳಗಿದವರೇ. ಆದರೆ ಇಲ್ಲಿನ ಹುಲ್ಲಿನ ಸ್ವಭಾವವೇ ಬೇರೆ. ಇಂಗ್ಲೆಂಡಿನ ಹುಲ್ಲುಹಾಸಿನಲ್ಲಿ ಬುಡದಲ್ಲೇ ಗುಂಪಾಗಿ ಬೆಳೆಯುವ ಜಾತಿಗಳು ಬಹಳವಿದ್ದು, ಅವಕ್ಕೆ ಕೈಬೆರಳಷ್ಟು ಆಳದ ಸೀಳೇ ಸಾಕಾಗುತ್ತಿತ್ತು. ಗರಿಕೆಯಾದರೋ ಎರಡು ದಾರಿಗಳಲ್ಲಿ ಹಬ್ಬುತ್ತದೆ: ನೆಲದ ಮೇಲೆ ಓಡಿ ಗೆಣ್ಣುಗೆಣ್ಣಿಗೆ ಬೇರುಬಿಡುವ ಹಬ್ಬುಕಾಂಡ ಒಂದು, ಮಣ್ಣೊಳಗೆ ಸಾಗಿ ದೂರದಲ್ಲಿ ಚಿಗುರುವ ಬೇರುಕಾಂಡ ಇನ್ನೊಂದು. ಓರೆಯಾಗಿ ನೆಟ್ಟ ಇಟ್ಟಿಗೆಗಳ ಗರಗಸದ ಹಲ್ಲಿನಂಥ ಸಾಲು ನಮ್ಮ ಉದ್ಯಾನಗಳ ಗುರುತೇ ಆಗಿಹೋಗಿದ್ದರೂ, ಮೊದಲನೆಯದನ್ನು ಅದು ಕೊಂಚ ತಡೆದೀತು, ಎರಡನೆಯದಕ್ಕೆ ಅದರ ಸಂದುಗಳೇ ದಾರಿ. ಸಲಿಕೆಯಿಂದ ಕೊಚ್ಚಿದರೆ ತುಂಡಾದ ಪ್ರತಿ ಗೆಣ್ಣೂ ಹೊಸ ಗಿಡವಾಗಬಲ್ಲದು. ಗರಿಕೆ ಹೊಕ್ಕ ಹೊಲವನ್ನು ಬೇಸಿಗೆಯಲ್ಲಿ ಆಳವಾಗಿ ಅಗೆದು ಬೇರುಗಳನ್ನು ಬಿಸಿಲಿಗೆ ಒಣಹಾಕುವ ರೈತರಿಗೆ ಇದು ತಿಳಿದ ಸಂಗತಿಯೇ ಆಗಿತ್ತು. ಉದ್ಯಾನದ ಮಾಲಿಯೂ ಪಾತಿ ಹೊಸದಾಗಿ ಮಾಡುವಾಗ ಮಣ್ಣನ್ನು ಅಗೆದು, ಗರಿಕೆಯ ಬಿಳಿ ಎಳೆಗಳನ್ನು ಕೈಯಿಂದಲೇ ಆರಿಸಿ ತೆಗೆದ ಮೇಲಷ್ಟೇ ಇಟ್ಟಿಗೆಯನ್ನು ಕೂರಿಸುತ್ತಾನೆ.