ಗೋಕಾವಿಯ ಗೊಂಬೆ: ಉಳಿಯ ಮತ್ತು ಉರಿಯ ಸಂಸ್ಕಾರ

ಬಾಲಕರ ಕೈಯಲ್ಲಿಯ ಗೊಂಬೆಗೂ ಗುಡಿಯಲ್ಲಿಯ ಮೂರ್ತಿಗೂ ಭೇದವೇನೆಂಬ ಪ್ರಶ್ನೆಯು ಮೊದಲಿಗೆ ವೈಯಾಕರಣರಿಗೆ ಬಂದಿತೆಂದರೆ ಅನೇಕರಿಗೆ ಸೋಜಿಗವೆನಿಸಬಹುದು. ಪ್ರತಿಕೃತಿಯೆಂಬ ಅರ್ಥದಲ್ಲಿ ಹೆಸರಿನ ಮುಂದೆ 'ಕ' ಪ್ರತ್ಯಯವು ಬರುವುದೆಂದು ಪಾಣಿನಿಯು ವಿಧಿಸಿದನು. ಕುದುರೆಯ ಗೊಂಬೆಯು ಅಶ್ವಕ, ಆನೆಯದು ಹಸ್ತಿಕ. ಆದರೆ ಪೂಜಾರಿಯ ಜೀವನಕ್ಕೆ ಆಧಾರವಾಗಿದ್ದು ಮಾರಾಟಕ್ಕಿಲ್ಲದ ದೇವಪ್ರತಿಮೆಗೆ ಆ ಪ್ರತ್ಯಯವು ಲೋಪವಾಗಿ, ಶಿವನ ಮೂರ್ತಿಯು ಶಿವನೇ ಆಗುವನು. ಅಂಗಡಿಯಲ್ಲಿ ಮಾರುವ ಶಿವನಾದರೋ ಶಿವಕನಾಗಿಯೇ ಉಳಿಯುವನು. ಮೌರ್ಯ ಅರಸರು ಹೊನ್ನಿನಾಸೆಗೆ ಪ್ರತಿಮೆಗಳನ್ನು ಮಾಡಿಸಿದರೆಂದು ಪತಂಜಲಿಯು ಈ ಸೂತ್ರದ ಪ್ರಸಂಗದಲ್ಲಿಯೇ ಹೇಳಿರುವನು. ಒಂದೇ ಕಟ್ಟಿಗೆ, ಒಂದೇ ಉಳಿ. ಹುಟ್ಟುವ ವಸ್ತುವಿನ ಅಂತಸ್ತು ಮಾತ್ರ ಎರಡು. ಕೊರೆಯುವ, ಕಾಯಿಸುವ, ಕಡಿದು ಜೋಡಿಸುವ ಅಧಿಕಾರವು ಯಾರಿಗೆ ಎಷ್ಟು ಎಂಬುದು ಈ ಅಂತಸ್ತನ್ನೇ ಅವಲಂಬಿಸಿದೆ.

ಈ ವಿಚಾರಕ್ಕೆ ಬೆಳಗಾವಿ ಜಿಲ್ಲೆಯಲ್ಲಿ ದೂರ ಹೋಗಬೇಕಾಗಿಲ್ಲ. ಹಿಡಕಲ್ಲಿನ ಅಣೆಕಟ್ಟನ್ನು ದಾಟಿದ ಘಟಪ್ರಭೆಯು ಧೂಪದಾಳದ ಒಡ್ಡನ್ನು ಹಾಯ್ದು ಗೋಕಾವಿಯ ಬಳಿ ಸುಮಾರು 170 ಅಡಿ ಎತ್ತರದಿಂದ ಧುಮುಕುತ್ತದೆ. ಈ ಜಲಪಾತದ ಬಲದಿಂದ ನೂಲಿನ ಗಿರಣಿಯನ್ನು ನಡೆಯಿಸಲು 1885ರಲ್ಲಿ ಕಂಪನಿಯೊಂದು ಸ್ಥಾಪನೆಯಾಯಿತು. 1887ರಲ್ಲಿ ಗಿರಣಿಯು ಆರಂಭವಾಯಿತು. ಲೋಕವು ಗೋಕಾವಿಯನ್ನು ಅರಿತದ್ದು ಹೆಚ್ಚಾಗಿ ಈ ನೀರಿನಿಂದ, ಈ ನೂಲಿನಿಂದ. ಆದರೆ ಊರಿಗೆ ಇನ್ನೊಂದು ಕೀರ್ತಿಯೂ ಉಂಟು. 1908ರ ಇಂಪೀರಿಯಲ್ ಗೆಝೆಟಿಯರಿನಲ್ಲಿ ಗೋಕಾವಿಯು ನೇಯ್ಗೆ ಮತ್ತು ಬಣ್ಣಗಾರಿಕೆಗಳೊಡನೆ ಆಟಿಗೆಗಳಿಗಾಗಿಯೂ ಹೆಸರಾದ ಊರೆಂದು ದಾಖಲಾಗಿದೆ. ಮನುಷ್ಯರೂಪಗಳನ್ನೂ ಹಣ್ಣುಹಂಪಲಗಳನ್ನೂ ಹಗುರಾದ ಕಟ್ಟಿಗೆಯಲ್ಲಿ ಮತ್ತು ಸಮೀಪದಲ್ಲಿಯೇ ದೊರೆಯುವ ಒಂದು ವಿಶೇಷ ಮಣ್ಣಿನಲ್ಲಿ ಅಲ್ಲಿಯವರು ಮಾಡುತ್ತಿದ್ದರು. ಈ ಕಸುಬನ್ನು ವಂಶಪರಂಪರೆಯಾಗಿ ನಡೆಯಿಸಿದವರು ಜೀನಗಾರರು, ಚಿತ್ರಗಾರರು. ಬಾಳೆ, ಮಾವು, ಸವತೆ, ಮೆಣಸಿನಕಾಯಿಗಳು ತೊಟ್ಟು ಸಹಿತವಾಗಿ ಇವರ ಕೈಯಿಂದ ಹೊರಟು ನಾಡಿನ ಮನೆಮನೆಗಳ ಗೂಡುಗಳಲ್ಲಿ ಕುಳಿತವು.

ಈ ಕೆಲಸದಲ್ಲಿ ಉಳಿಯದು ಮೊದಲ ಸ್ಥಾನ. ಕಟ್ಟಿಗೆಯು ಹಗುರಾಗಿರಬೇಕು, ಮೆತ್ತಗಿರಬೇಕು, ಚೆನ್ನಾಗಿ ಒಣಗಿರಬೇಕು. ಹಸಿಯ ಕಟ್ಟಿಗೆಯಲ್ಲಿ ಕೊರೆದ ಗೊಂಬೆಯು ಒಣಗುತ್ತ ಒಣಗುತ್ತ ಸೀಳುವುದು. ಚಾಚಿದ ಕೈಗಳನ್ನು ಒಂದೇ ತುಂಡಿನಲ್ಲಿ ಕೊರೆದರೆ ನಾರು ಅಡ್ಡಲಾಗಿ ಬಂದು ಕೈಯು ಬೇಗನೆ ಮುರಿಯುವುದು. ನಾರಿನ ಓಟವನ್ನು ಅನುಸರಿಸಿ ಅವಯವಗಳನ್ನು ಬೇರೆ ಬೇರೆ ಕೊರೆದು ಜೋಡಿಸುವ ರೀತಿಯು ಇದಕ್ಕಾಗಿಯೇ ಬಂದುದು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರಲ್ಲಿ ಇದರ ಪೂರ್ಣರೂಪವನ್ನು ಕಾಣಬಹುದು. ಅವರು ತೋಯಿಸಿ ಒಣಗಿಸಿದ ಸೆಣಬಿನ ಚೂರುಗಳ ಪುಡಿಯನ್ನೂ ಕಟ್ಟಿಗೆಯ ಹೊಟ್ಟನ್ನೂ ಹುಣಸೆಬೀಜದ ಅಂಟಿನಲ್ಲಿ ಕಲಸಿ 'ಕಿಟ್ಟ'ವೆಂಬ ಮುದ್ದೆಯನ್ನು ಮಾಡಿ, ಅದರಿಂದ ಅಂಗಗಳನ್ನು ಕೂಡಿಸುವರು. ಆಭರಣದ ಉಬ್ಬುಗಳನ್ನು ಮೂಡಿಸುವುದಕ್ಕೂ ಅದೇ ಸಾಧನ. ಮೇಲೆ ಕಲ್ಲಿನ ನುಣುಪು ಪುಡಿಯ ಲೇಪ, ಕೊನೆಗೆ ಬಣ್ಣ. ಉಳಿಯು ತೆಗೆದುದನ್ನು ಕಿಟ್ಟವು ತುಂಬಿಕೊಡುವುದು.

ಉರಿಯ ಕಥೆಯು ಇನ್ನೂ ಹಳೆಯದು. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಜ್ರಲೇಪವೆಂಬ ಅಂಟನ್ನು ವಿವರಿಸಿರುವನು. ಎಳೆಯ ಬೇಲದ ಕಾಯಿ, ಬೂರುಗದ ಹೂ ಮೊದಲಾದವುಗಳನ್ನು ನೀರಿನಲ್ಲಿ ಎಂಟನೆಯ ಒಂದು ಪಾಲು ಉಳಿಯುವಂತೆ ಕುದಿಸಿ, ರಾಳಗಳನ್ನು ಬೆರೆಯಿಸಿ, ಬಿಸಿಯಿರುವಾಗಲೇ ಪ್ರತಿಮೆಗಳಿಗೂ ಗೋಡೆಗಳಿಗೂ ಬಳಿಯಬೇಕು. ಅದು ಕೋಟಿ ವರ್ಷ ನಿಲ್ಲುವುದೆಂಬ ಮಾತನ್ನು ಶಾಸ್ತ್ರಕಾರನ ಉತ್ಸಾಹವೆಂದು ಬಿಟ್ಟರೂ ವಿಧಾನವು ಅನುಭವದ್ದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಈ ಹೆಸರಿನ ಲೇಪವೇ ಬೇರೆ. ಎಮ್ಮೆಯ ಹಸಿ ತೊಗಲನ್ನು ಬೆಣ್ಣೆಯಂತಾಗುವವರೆಗೆ ಕುದಿಸಿ, ಕಡ್ಡಿಗಳನ್ನಾಗಿ ಮಾಡಿ ಬಿಸಿಲಿನಲ್ಲಿ ಒಣಗಿಸಿಡುವುದು. ಬೇಕಾದಾಗ ನೀರಿನಲ್ಲಿ ಕಾಯಿಸಿ ಕರಗಿಸಿ, ಬಿಳಿಯ ಮಣ್ಣನ್ನು ಕೂಡಿಸಿ ಗೋಡೆಗೆ ಬಳಿಯುವುದು. ಚನ್ನಪಟ್ಟಣದಲ್ಲಾದರೋ ಬೆಂಕಿಯೇ ಬೇಡ. ಚರಕಿಯ ಮೇಲೆ ವೇಗದಿಂದ ತಿರುಗುವ ಕಟ್ಟಿಗೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜುವಿಕೆಯಿಂದ ಹುಟ್ಟಿದ ಶಾಖಕ್ಕೆ ಅರಗು ಮೆತ್ತಗಾಗಿ ತಾನೇ ಮೈಗೆ ಹತ್ತುವುದು. ಕಾವು ಕಡಿಮೆಯಾದರೆ ಅರಗು ಹಿಡಿಯದು, ಹೆಚ್ಚಾದರೆ ಕಂದುವುದು. ಅದರ ಮಿತಿಯನ್ನು ಅರಿತಿರುವುದು ಕೈಯೊಂದೇ.

ಇನ್ನು, ಸಿದ್ಧವಾದ ಗೊಂಬೆಯನ್ನು ಮತ್ತೆ ಮಾರ್ಪಡಿಸುವ ಮಾತು. ಪೂಜೆಯ ಮೂರ್ತಿಗಾದರೆ ಇದು ಸುಲಭದ ಕೆಲಸವಲ್ಲ. ಜೀರ್ಣೋದ್ಧಾರದಲ್ಲಿ ಮೊದಲು ಮೂರ್ತಿಯ ಸಾನ್ನಿಧ್ಯವನ್ನು ಕುಂಭಕ್ಕೆ ಇಳಿಸಬೇಕು. ಅನಂತರವೇ ಶಿಲ್ಪಿಯು ಆಯುಧವನ್ನು ಮುಟ್ಟಬೇಕು. ತೀರ ಜೀರ್ಣವಾದ ಕಟ್ಟಿಗೆಯ ಪ್ರತಿಮೆಯನ್ನು ಅಗ್ನಿಗೆ, ಕಲ್ಲಿನದನ್ನು ನೀರಿಗೆ ಒಪ್ಪಿಸಬೇಕೆಂದು ಅಗ್ನಿಪುರಾಣವು ವಿಧಿಸುವುದು. ಪುರಿಯ ಜಗನ್ನಾಥನ ದಾರುಮೂರ್ತಿಗಳನ್ನು ಅಧಿಕ ಆಷಾಢ ಬಂದ ವರ್ಷಗಳಲ್ಲಿ ಹೊಸದಾಗಿ ಮಾಡುವರು. 1977, 1996, 2015ರಲ್ಲಿ ಹೀಗೆ ನವಕಲೇವರವು ನಡೆಯಿತು. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಜಾತ್ರೆಗೆ ಮೊದಲು ದ್ಯಾಮವ್ವ, ದುರ್ಗವ್ವರ ಕಟ್ಟಿಗೆಯ ಮೂರ್ತಿಗಳಿಗೆ ಹೊಸ ಬಣ್ಣವನ್ನು ಬಳಿಯುವ ರೂಢಿಯುಂಟು. ಬಣ್ಣವು ಹೊಸದಾದರೂ ದೇವಿಯು ಹಳಬಳೇ. ಮೂರ್ತಿಯನ್ನು ಬದಲಿಸುವಾಗಲೂ ಅದರ ಪರಂಪರೆಯು ಕಡಿಯಬಾರದೆಂಬುದೇ ಈ ಎಲ್ಲ ವಿಧಿಗಳ ತಾತ್ಪರ್ಯ.

ಆಟದ ಗೊಂಬೆಗೆ ಈ ಕಟ್ಟಳೆಯಿಲ್ಲ. ಕಾರಹುಣ್ಣಿವೆಯಾದ ಮೇಲೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿದ ಎತ್ತುಗಳು ಕೆಲವು ದಿನಗಳಲ್ಲಿಯೇ ಮತ್ತೆ ಮಣ್ಣಾಗುವವು. ಕಥಾಸರಿತ್ಸಾಗರದ ಸೋಮಪ್ರಭೆಯು ಬುಟ್ಟಿಯ ತುಂಬ ಯಂತ್ರದ ಗೊಂಬೆಗಳನ್ನು ತಂದು ಗೆಳತಿ ಕಲಿಂಗಸೇನೆಯನ್ನು ಬೆರಗುಗೊಳಿಸುವಳು. ಕೈಕಾಲು ಆಡಿಸುವ ಗೊಂಬೆಯ ಆಸೆಯು ಮನುಷ್ಯನಿಗೆ ಇಂದಿನದಲ್ಲ. ಈಗಿನ ಕಾಲದಲ್ಲಿ ಚಲನಚಿತ್ರದ ವೀರರ ಪ್ಲಾಸ್ಟಿಕ್ ಗೊಂಬೆಗಳನ್ನು ಸಂಗ್ರಹಿಸುವವರು ಅವನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ಕೈಯನ್ನು ಬಾಗಿಸುವರು. ಸಣ್ಣ ಗರಗಸದಿಂದ ಒಂದರ ತಲೆಯನ್ನು ತೆಗೆದು ಮತ್ತೊಂದಕ್ಕೆ ಕೂಡಿಸುವರು. ಮುದ್ದೆಯಿಂದ ಸಂದನ್ನು ತುಂಬಿ ಬಣ್ಣ ಹಚ್ಚುವರು. ಹೆಸರುಗಳು ಹೊಸವು, ಕೊರೆ, ಕಾಯಿಸು, ತುಂಬು, ಬಳಿ ಎಂಬ ನಾಲ್ಕು ಕ್ರಮಗಳು ಚಿತ್ರಗಾರನವೇ. ಭೇದವೊಂದುಂಟು. ಕಟ್ಟಿಗೆಯನ್ನು ಕಾಯಿಸಿದರೆ ಹೊಗೆಯಷ್ಟೇ. ಕೆಲವು ಜಾತಿಯ ಪ್ಲಾಸ್ಟಿಕನ್ನು ಅತಿಯಾಗಿ ಕಾಯಿಸಿದರೆ ವಿಷವಾಯುವು ಹೊರಡುವುದು. ಅಲ್ಲದೆ ಆ ಗೊಂಬೆಯಂಥ ಸಾವಿರ ಗೊಂಬೆಗಳು ಅದೇ ಅಚ್ಚಿನಿಂದ ಬಂದಿರುವವು. ಒಂದು ಕೆಟ್ಟರೆ ಲೋಕಕ್ಕೆ ನಷ್ಟವಿಲ್ಲ.

ಗೋಕಾವಿಯ ಹಳೆಯ ಗೊಂಬೆಯ ಮಾತು ಹಾಗಲ್ಲ. ಅದಕ್ಕೆ ಅಚ್ಚಿಲ್ಲ. ನಾಡಿನ ಎಷ್ಟೋ ಮನೆಗಳ ಅಟ್ಟಗಳಲ್ಲಿ ಅಜ್ಜಿಯ ಕಾಲದ ಹಣ್ಣುಗಳು, ಮದುಮಕ್ಕಳು ಧೂಳು ತಿನ್ನುತ್ತಿರುವುವು. ಹಬ್ಬ ಬಂದಾಗ ಅವನ್ನು ಕೆಳಗಿಳಿಸಿ, ಮಾಸಿದವೆಂದು ಒದ್ದೆಯ ಬಟ್ಟೆಯಿಂದ ತಿಕ್ಕುವವರುಂಟು. ಕಿಟಕಿಗೆ ತಂದ ಎಣ್ಣೆಯ ಬಣ್ಣದ ಉಳಿಕೆಯನ್ನು ಅವುಗಳಿಗೂ ಬಳಿಯುವವರುಂಟು. ಅಂಟು ಮತ್ತು ಮಣ್ಣುಗಳ ತಳಲೇಪವು ನೀರನ್ನು ತಾಳಲಾರದು. ಒಂದು ತಿಕ್ಕಿಗೆ ಕಣ್ಣು ಹೋಗುವುದು, ಎರಡನೆಯದಕ್ಕೆ ಮುಖವೇ ಹೋಗುವುದು. ಎಣ್ಣೆಯ ಬಣ್ಣದ ಕೆಳಗೆ ಮುಚ್ಚಿಹೋದ ಹುಬ್ಬಿನ ಗೆರೆಯನ್ನು ಮತ್ತೆ ತರುವವರಿಲ್ಲ. ಧೂಳನ್ನು ಒಣಗಿದ ಮೆತ್ತನೆಯ ಕುಂಚದಿಂದ ತೆಗೆದರೆ ಸಾಕು. ಮುರಿದ ಕೈಯನ್ನು ಎಸೆಯದೆ ಗೊಂಬೆಯ ಜೊತೆಗೇ ಗಂಟುಕಟ್ಟಿ ಇಟ್ಟರೆ, ಕಸುಬು ಬಲ್ಲವನು ಎಂದಾದರೂ ಅದನ್ನು ಕೂಡಿಸಿಯಾನು.

ಕಸುಬು ಬಲ್ಲವನು ಇರಬೇಕಾದರೆ ಅವನಿಗೆ ಕೆಲಸವಿರಬೇಕು. ಪಾಣಿನಿಯ ಲೆಕ್ಕದಲ್ಲಿ ಮಾರಾಟದ ಗೊಂಬೆಗೆ ಪ್ರತ್ಯಯದ ಹೊರೆ ತಪ್ಪಲಿಲ್ಲ, ದೇವರ ಪದವಿಯು ದೊರೆಯಲಿಲ್ಲ. ಆದರೆ ದೇವರನ್ನು ಕಾಯುವುದಕ್ಕೆ ಆಗಮಗಳುಂಟು, ಅರ್ಚಕರುಂಟು, ಜಾತ್ರೆಗಳುಂಟು. ಹಸ್ತಿಕ, ಅಶ್ವಕಗಳನ್ನು ಕಾಯುವವರು ಅವನ್ನು ಕೊಳ್ಳುವ ಗೃಹಸ್ಥರಲ್ಲದೆ ಬೇರೆ ಯಾರೂ ಇಲ್ಲ.